ಉಡಿಯಲ್ಲಿ ಹೋದ ಜೋಳ

ಹೊನ್ನಗುಡ್ಡದ ಅರಮನೆಯ ಮುಂದೆ ಡಂಗುರ ಹೊಡೆದವನು ನಾನೇ. ನನ್ನ ಏಟಿಗೆ ಕೋಟೆಯ ಪಾರಿವಾಳಗಳು ವಾರವಿಡೀ ಕೆಳಗಿಳಿಯಲಿಲ್ಲ. ನಂಬದವರು ಅಂದು ಕೇಳಿದವರನ್ನು ಕರೆತನ್ನಿ. ಒಬ್ಬರೂ ಉಳಿದಿಲ್ಲ, ಅದು ನನ್ನ ತಪ್ಪೇ?

ಸಾರಿದ್ದು ಇಷ್ಟು: “ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಹೊನ್ನಾಂಬಿಕೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನ ತಲೆ ಅಗಸಿ ಬಾಗಿಲಿಗೆ!”

ಆ ಹುಡುಗಿಗೆ ಬೇಕಾದದ್ದು ಗಂಡನಲ್ಲ, ಸೀತನಿ. ಎಳೆಯ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ತಾಯಿ ಕೊಡುತ್ತಿದ್ದ ಸೀತನಿ. ರಾಜನಿಗೆ ಏನು ಹುಚ್ಚೋ, ಹಳೆಯ ಜೋಳವನ್ನೆಲ್ಲ ಬಿಡಿಸಿ, ಭಾರಿ ತೆನೆಯ ಒಂದೇ ಬಿಳಿ ಜೋಳವನ್ನು ನಾಡಿಗೆಲ್ಲ ಬಿತ್ತಿಸಿದ. ಎಳೆಯ ಸಸಿಯ ಸುಳಿ ತಿನ್ನುವ ಸುಳಿನೊಣ ಬಂತು. ನಾಡಿಗೆ ನಾಡೇ ಸುಳಿ ಒಣಗಿ ನಿಂತಿತು. ಆ ವರ್ಷವೇ ರಾಣಿಯೂ ತೀರಿದಳು. ಅಂದಿನಿಂದ ಮಗಳು ಒಲೆಯ ಮುಂದೆ ಖಾಲಿ ಅಂಗೈ ತಿಕ್ಕುತ್ತ ಕೂತಿರುತ್ತಿದ್ದಳು.

ಬಳೆಗಾರ ಮೈಲಾರಿಯೂ ಬಂದು ಸಾಲಿನಲ್ಲಿ ನಿಂತ. ಒಮ್ಮೆ ಅವಳಿಗೆ ಬಳೆ ತೊಡಿಸಿದ್ದ. ಆಮೇಲೆ ಯಾರ ಕೈ ಹಿಡಿದರೂ ಅವನಿಗೆ ಅದೇ ಕೈ ನೆನಪು.

ರಾಜಕುಮಾರಿ ಕೇಳಿದಳು: “ಸಾವಿರ ಅಣ್ಣತಮ್ಮಂದಿರು. ಒಂದೇ ಎತ್ತರ, ಒಂದೇ ಬಣ್ಣ. ಒಬ್ಬನಿಗೆ ಜಡ್ಡು ಬಂದರೆ ಎಲ್ಲರೂ ಮಲಗುತ್ತಾರೆ. ಯಾರವರು?”

ಒಬ್ಬ ಪಾಳೆಯಗಾರ “ನಿಮ್ಮಪ್ಪನ ಸೈನ್ಯ” ಅಂದ. ತಲೆ ಹೋಯಿತು. ಇನ್ನೊಬ್ಬ “ಕುರಿಹಿಂಡು” ಅಂದ. ಅದೂ ಹೋಯಿತು.

ಮೈಲಾರಿ ಕೈಮುಗಿದ. “ತಪ್ಪು ತಿಳೀಬ್ಯಾಡ್ರಿ ಅವ್ವಾರ, ಅದು ಅರಸರ ಹೊಲಾನ ರೀ. ಎಲ್ಲಾ ಒಂದೇ ಬೀಜ. ಒಂದು ಗಿಡ ತಡೀಲಾರದ್ದನ್ನ ಮತ್ತೊಂದು ಹ್ಯಾಂಗ ತಡೀತದ?”

“ಅವ್ವಾರ ಅಂತೀ, ಮದುವಿಗೂ ಬಂದೀ!” ಅಂದಳು ಅವಳು. ಸಭೆ ನಕ್ಕಿತು. ರಾಜ ನಗಲಿಲ್ಲ.

ರಾಜಕುಮಾರಿ ಮುಂದುವರಿಸಿದಳು: “ಎರಡನೆಯದರ ಉತ್ತರ ನನಗೂ ಗೊತ್ತಿಲ್ಲ, ತೋರಿಸಬೇಕು. ಸಾಯುವಾಗ ಅವ್ವ ಅಂದಳು: ‘ನಮ್ಮ ಜೋಳ ಸತ್ತಿಲ್ಲ ಮಗಳೇ. ಅಳುವವಳ ಸಂಗಡ ಹೋಗಿ, ಕಂಡವರ ಮಣ್ಣಲ್ಲಿ ನಗುತ್ತಿದೆ.’ ಎಲ್ಲಿದೆ?”

ಮೈಲಾರಿ ಒಂದು ಹೆಜ್ಜೆ ಮುಂದೆ ಬಂದ. “ಗಂಡನ ಮನಿಗೆ ಹೊರಟ ಮಗಳ ಉಡಿಯಾಗ ಏನು ತುಂಬ್ತಾರ್ರೀ? ತವರಿನ ಜೋಳ. ಅದರಾಗ ಒಂದು ಹಿಡಿ ಹಿತ್ತಲಿಗೆ ಬಿತ್ಕೋತಾರ. ಬಳಿ ತೊಡಸಾಕ ಹೋದ ಊರೂರಾಗ ನೋಡೀನಿ. ತವರು ನೆನಪಾದಾಗ ಆ ಸಾಲಿನ್ಯಾಗ ಹೋಗಿ ಸುಮ್ಮನ ನಿಂದರ್ತಾರ.”

ಕುದುರೆಗಳು ಓಡಿದವು. ಊರೂರಿನ ಸೊಸೆಯಂದಿರು ಸೆರಗಿನಲ್ಲಿ ಕಟ್ಟಿಕೊಟ್ಟ ಜೋಳ ಬಂತು: ಕೆಂಪು, ಹಳದಿ, ಗುಂಡು, ಚಪ್ಪಟೆ. ಅರಮನೆಯ ಹಿತ್ತಲಲ್ಲಿ ಊರಿಗೊಂದು ಸಾಲು ಬಿತ್ತಿದರು. ಸುಳಿನೊಣ ಅಲ್ಲಿಗೂ ಬಂತು. ಕೆಲವು ಸಾಲು ಒಣಗಿದವು, ಕೆಲವು ನಿಂತವು.

“ಬದುಕುವ ಸಸಿಯ ಗುರುತು ಯಾವುದು? ಇದೇ ಮೂರನೆಯದು,” ಅಂದಳು ರಾಜಕುಮಾರಿ.

ಸೇನಾಪತಿಯ ಮಗ ಮುಂದೆ ನುಗ್ಗಿದ. “ಕೆಂಪು ದಂಟು! ನಿಂತದ್ದರಲ್ಲಿ ಕೆಂಪೇ ಹೆಚ್ಚು!”

ಮೈಲಾರಿ ತಲೆ ಅಲ್ಲಾಡಿಸಿದ. “ನಿಂತ ಆ ಕೆಂಪು ಸಾಲೆಲ್ಲ ಒಂದೇ ಮನಿತನದ ಹೆಣ್ಣುಮಕ್ಕಳು ಒಯ್ದದ್ದು, ಒಂದೇ ಬಳ್ಳಿ. ನಮ್ಮೂರ ಗೌಡರ ಮನ್ಯಾಗ ಎಲ್ಲರದೂ ದೊಡ್ಡ ಮೂಗು, ಎಲ್ಲರೂ ಜಿಪುಣರು. ಮೂಗಿನಿಂದ ಜಿಪುಣತನ ಬಂತೇನ್ರೀ? ಆ ಮನಿತನದ ಸಂಬಂಧ ಇಲ್ಲದ ಊರಿನವು ನೋಡ್ರಿ. ಅಲ್ಲಿ ಕೆಂಪು ದಂಟಿನದೂ ಒಣಗೇದ. ಆದರ ಯಾವ ಊರಿನದಾಗಲಿ, ಕೆಂಪಿರಲಿ ಹಸಿರಿರಲಿ, ಉಳಿದದ್ದರ ಎಲಿ ಎಣ್ಣಿ ಹಚ್ಚಿಧಂಗ ಮಿಂಚತಾವು. ಸತ್ತವು ಮಬ್ಬು.”

ರಾಜಕುಮಾರಿ ಸಾಲುಸಾಲು ಬಗ್ಗಿ ನೋಡಿದಳು. ಹಾಗೇ ಇತ್ತು. ಸೇನಾಪತಿಯ ಮಗನ ತಲೆ ಏನಾಯಿತೆಂದು ಕೇಳಬೇಡಿ.

ತೆನೆ ಹಾಲುಗಟ್ಟಿತು. ಸುಟ್ಟು ತಿಕ್ಕಿ ಬಾಯಿಗಿಟ್ಟವಳ ಕಣ್ಣು ತುಂಬಿತು. “ಇದೇ ಜೋಳ. ಅಂಗೈ ಮಾತ್ರ ಅವ್ವನದಲ್ಲ.”

“ನನ್ನ ಅಂಗೈ ಒರಟದ ರೀ,” ಅಂದ ಮೈಲಾರಿ, “ಆದರ ದಿನಾ ತಿಕ್ಕಿ ಕೊಡ್ತೀನಿ.”

ರಾಜ ಅರ್ಧ ರಾಜ್ಯ ಕೊಟ್ಟ. ಇನ್ನು ಮೇಲೆ ಒಂದೇ ಬೀಜ ಬಿತ್ತಬಾರದೆಂದು ಮತ್ತೆ ನನ್ನಿಂದಲೇ ಡಂಗುರ ಹೊಡೆಸಿದ. ಚೈತ್ರದಲ್ಲಿ ಮದುವೆ. ಆಗತಾನೆ ಹೊಲದಿಂದ ಮುರಿದು ತಂದ ತೆನೆಯ ಸೀತನಿ, ನಾನು ಬುಟ್ಟಿಗಟ್ಟಲೆ ತಿಂದೆ!

ನನ್ನ ಕಥೆ ಕೇಳುತ್ತ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಶಾವಂತ್ರವ್ವ ಮೊರ ಕೆಳಗಿಟ್ಟಳು. “ಯಜ್ಜಾ, ಚೈತ್ರದಾಗ ಎಳೀ ತೆನಿ ಎಲ್ಲಿಂದ ಬಂದ್ವು? ಆಗ ಹೊಲದಾಗ ಬರೇ ಕೊಯ್ದ ದಂಟಿನ ಕೂಳಿ.”

ನಾನು ಹೆಗಲು ಕುಣಿಸಿದೆ. “ಹೌದೇನು? ಹಂಗಾರ ತಿಂದಿಲ್ಲ ಬಿಡು. ತಿನ್ನೂ ಆಸೆ ಮಾತ್ರ ಭಾಳ ಇತ್ತು.”