ಹುಸಿಮೀನು ಮತ್ತು ಸೀಸದ ಗುಂಡು

ಮೀನುಗಳನ್ನು ಗಾಳಕ್ಕೆ ಸೆಳೆಯುವುದರಲ್ಲಿ ಹೊಳೆಯಲ್ಲಿ ಹೆಸರು ಮಾಡಿದ್ದ ಹಿತ್ತಾಳೆಯ ಹುಸಿಮೀನೊಂದನ್ನು ದುಗ್ಗಪ್ಪ ಖಾರ್ವಿ ಬಂಗುಡೆ ಹಿಡಿಯಲೆಂದು ಕಡಲಿಗೆ ತಂದ. ಅದರ ಸಣ್ಣ ಗಾಳ ಬಿಚ್ಚಿ, ಉಪ್ಪುನೀರಿಗೆ ತಾಳುವ ಗಟ್ಟಿ ಗಾಳ ಹಾಕಿ, ದಾರಕ್ಕೆ ಕಟ್ಟಿ ದೋಣಿಯ ಹಿಂದೆ ಎಳೆದ. ಹುಸಿಮೀನು ನೀರಿನ ಮೇಲೆ ಹೊಳೆಹೊಳೆಯುತ್ತ ಕುಣಿದದ್ದೇ ಕುಣಿದದ್ದು. ಮಧ್ಯಾಹ್ನವಾದರೂ ಒಂದು ಬಂಗುಡೆಯೂ ಹತ್ತಿರ ಸುಳಿಯಲಿಲ್ಲ.

“ಇನ್ನೊಂದು ಸುತ್ತು ನೋಡುತ್ತೇನೆ. ಆಮೇಲೆ ಇದು ಗುಜರಿಗೆ” ಎಂದು ದುಗ್ಗಪ್ಪ ದಾರ ಎಳೆದುಕೊಂಡ.

“ಈ ಕಡಲ ಮೀನುಗಳಿಗೆ ಕುಣಿತದ ಗಂಧವೇ ಇಲ್ಲ” ಎಂದು ಹುಸಿಮೀನು ಗೊಣಗಿತು.

ದಾರವನ್ನು ಆಳಕ್ಕಿಳಿಸುವ ಸೀಸದ ಗುಂಡು ಬುಟ್ಟಿಯಿಂದ ಹೇಳಿತು: “ನಿನಗೆ ಕುಣಿಯಲು ಬರುತ್ತದೆ, ನೆಲವೂ ಡೊಂಕಲ್ಲ. ಆದರೆ ನೋಡುವವರು ಆಳದಲ್ಲಿದ್ದಾರೆ. ನನ್ನ ಹಿಂದೆ ಬಾ, ಕರೆದೊಯ್ಯುತ್ತೇನೆ.”

“ನಿನ್ನಂಥ ಕರಿಮುದ್ದೆಯ ಹಿಂದೆ ನಾನು ನಡೆಯಬೇಕೇ?”

“ಬೇಡವಾದರೆ ಗುಜರಿಯವನ ಹಿಂದೆ ನಡೆ.”

ಹುಸಿಮೀನು ದುಗ್ಗಪ್ಪನತ್ತ ತಿರುಗಿತು. “ಯಜಮಾನರೇ, ಆ ಗುಂಡನ್ನು ನನ್ನ ಮುಂದೆ ಕಟ್ಟಿ” ಎಂದಿತು.

ದುಗ್ಗಪ್ಪ ಕಟ್ಟಿ ಎಸೆದ. ಗುಂಡು ಮುಳುಗಿತು, ಹುಸಿಮೀನು ಹಿಂಬಾಲಿಸಿತು. ಆಳದಲ್ಲಿ ಅದು ಎರಡು ಸಲ ಮೈ ಬಳುಕಿಸಿತೋ ಇಲ್ಲವೋ, ದಾರ ಬಿಗಿಯಿತು. ಗೇಣುದ್ದದ ಬಂಗುಡೆ!

ದುಗ್ಗಪ್ಪ ಹುಸಿಮೀನಿಗೆ ಮುತ್ತಿಟ್ಟ. ಗುಂಡಿನ ಕಡೆ ನೋಡಲೂ ಇಲ್ಲ.

“ನಿನಗೆ ಬೇಸರವಾಗಲಿಲ್ಲವೇ?” ಎಂದು ಹುಸಿಮೀನು ಮೆಲ್ಲಗೆ ಕೇಳಿತು.

“ಮುಳುಗುವುದು ನನ್ನ ಕೆಲಸ. ಮುಳುಗಿದೆ” ಎಂದಿತು ಗುಂಡು.

ದುಗ್ಗಪ್ಪ ಮತ್ತೆ ದಾರ ಬೀಸಿದ. ನೀರು ಮುಟ್ಟುವ ಮುಂಚೆ ಹುಸಿಮೀನು ಗುಂಡಿಗೆ ಹೇಳಿತು: “ಅಣ್ಣಾ, ನೀವು ಮುಂದೆ ನಡೆಯಿರಿ.”