ಬಸಲಿಂಗನ ಕಂಪ್ಯೂಟರಿನ ದೀಪ

ರಾಯಚೂರಿನ ಒಂದು ಕಾಲೇಜಿನಲ್ಲಿ ತಾಯಪ್ಪ ಲ್ಯಾಬ್ ಸಹಾಯಕ. ಅಪಘಾತದಲ್ಲಿ ತೀರಿಕೊಂಡ ವಿದ್ಯಾರ್ಥಿ ಬಸಲಿಂಗ ಕೈಯಾರೆ ಜೋಡಿಸಿದ್ದ, ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ದೀಪಗಳಿದ್ದ ಕಂಪ್ಯೂಟರನ್ನು ಅವನ ತಾಯಿ ಕಾಲೇಜಿಗೆ ಕೊಟ್ಟಿದ್ದರು. ಅಂದು ಅದರ ಉದ್ಘಾಟನೆ.

ಕಾಲೇಜು ಮಂಡಳಿಯ ಅಧ್ಯಕ್ಷ ಶಂಕರಗೌಡರು ಬಂದವರೇ ತಾಯಪ್ಪನ ಮೇಲೆ ಗುಡುಗಿದರು. "ಒಳಗಿನ ದೀಪ ಎಲ್ಲಾ ಜಗಮಗ ಅನ್ನಬೇಕು. ನಾ ಗುಂಡಿ ಒತ್ತಿದ ಕೂಡ್ಲೆ ಏಳೂ ಬಣ್ಣ ಒಟ್ಟಿಗೇ ಹತ್ತಬೇಕು. ಒಂದು ಹಿಂದ ಬಿದ್ರೂ ನಾಳಿಂದ ನೀ ಬರಬ್ಯಾಡ."

ಮುಂದಿನ ಸಾಲಿನಲ್ಲಿ ಆ ತಾಯಿ ತಲೆತಗ್ಗಿಸಿ ಕೂತಿದ್ದರು. ಅವರೆದುರು ಮದುವೆ ಮಂಟಪದ ಹಾಗೆ ದೀಪ ಕುಣಿಸಲು ತಾಯಪ್ಪನಿಗೆ ಮನಸ್ಸಾಗಲಿಲ್ಲ. ಅವನು ದೀಪಗಳ ಸಾಫ್ಟ್‌ವೇರ್ ತೆರೆದು, ಒಳಗಿನ ಫ್ಯಾನು, ಪಟ್ಟಿಗಳ ಬಣ್ಣಗಳೆಲ್ಲ ಒಂದೇ ಸಲಕ್ಕೆ ಹತ್ತುವಂತೆ ಹೊಂದಿಸಿ, ಕಂಪ್ಯೂಟರ್ ಆರಿಸಿಟ್ಟ.

ಗೌಡರು ಗುಂಡಿ ಒತ್ತಿದರು. ಪೆಟ್ಟಿಗೆಯ ತುಂಬ ತಣ್ಣನೆಯ ಬಿಳಿ ಬೆಳಕು ನಿಂತಿತು.

"ಏಳು ಬಣ್ಣ ಎಲ್ಲೋ?" ಗೌಡರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಏಳೂ ಒಟ್ಟಿಗೇ ಹತ್ಯಾವ್ರೀ ಸಾಹೇಬ್ರ. ಒಂದೂ ಹಿಂದ ಬಿದ್ದಿಲ್ಲ. ಎಲ್ಲಾ ಕೂಡಿದ್ರ ಬಿಳೀನ ಆಗ್ತದರೀ."

ಪಕ್ಕದಲ್ಲಿದ್ದ ಭೌತಶಾಸ್ತ್ರದ ಮೇಡಂ ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಬಸಲಿಂಗನ ತಾಯಿ ಎದ್ದು ಬಂದು, ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟರು. ಸಭೆಯೆಲ್ಲ ಎದ್ದು ನಿಂತಿತು. ಗೌಡರು ಭಾಷಣದ ಹಾಳೆ ಮಡಚಿ ಜೇಬಿಗಿಟ್ಟು, ಎಲ್ಲರ ಜೊತೆ ನಿಂತರು.