ಮೂರು ಸಾಲಿನ ಕಾಗದ

"ಗುರುಗಳೇ, ಕ್ಷಮೆಯನ್ನು ಯಾವ ಮಾತಿನಲ್ಲಿ ಕೇಳಬೇಕು?"

ಕೇಳಿದವನು ಚನ್ನವೀರ. ಮಠದ ಪಾಠಶಾಲೆಯಲ್ಲಿ ಅವನಷ್ಟು ಚೆನ್ನಾಗಿ ಬರೆಯುವವನು ಇನ್ನೊಬ್ಬನಿರಲಿಲ್ಲ. ಮೂರು ದಿನದ ಹಿಂದೆ ಅವನ ಜೊತೆಗಾರ ಕೊಟ್ರಯ್ಯ ತಾನು ಬರೆದ ಪದ್ಯಗಳನ್ನು ಎಲ್ಲರ ಮುಂದೆ ಓದಿದ್ದ. ಓದಿ ಮುಗಿಸಿದಾಗ ಚನ್ನವೀರ ಹೇಳಿದ್ದು ಒಂದೇ ಮಾತು: "ಕೊಟ್ರಯ್ಯನ ಪದ್ಯ ಬಹಳ ಪ್ರಾಮಾಣಿಕ. ತಾನು ಪದ್ಯ ಎಂದು ಎಲ್ಲಿಯೂ ಸುಳ್ಳು ಹೇಳುವುದಿಲ್ಲ." ಎಲ್ಲರೂ ನಕ್ಕರು. ಕೊಟ್ರಯ್ಯನೂ ನಕ್ಕ. ಆಮೇಲೆ ಅವನು ಊಟದ ಪಂಕ್ತಿಗೆ ಬರಲಿಲ್ಲ. ಈಗ ಟ್ರಂಕು ತುಂಬಿಕೊಂಡು, ಇನ್ನು ಮಠದ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ, ಊರಿನ ಬಸ್ಸಿಗೆ ಕಾಯುತ್ತ ಹೊರಗಿನ ಜಗುಲಿಯಲ್ಲಿ ಕೂತಿದ್ದ.

ಚನ್ನವೀರನ ಕೈಯಲ್ಲಿ ಐದಾರು ಹಾಳೆಗಳಿದ್ದವು. ಎಲ್ಲದರಲ್ಲೂ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು.

"ಮೂರು ದಿನದಿಂದ ಬರೆಯುತ್ತಿದ್ದೇನೆ. ಯಾವುದೂ ಮನಸ್ಸಿಗೆ ಒಪ್ಪುತ್ತಿಲ್ಲ. ತಾವೊಮ್ಮೆ ನೋಡಿ ತಿದ್ದಿಕೊಟ್ಟರೆ..."

ಗುರುಗಳು ಹಾಳೆಗಳಿಗೆ ಕೈ ಚಾಚಲಿಲ್ಲ. "ಕೂತುಕೋ" ಎಂದು ಕತೆ ಹೇಳತೊಡಗಿದರು.

ರಷ್ಯಾ ದೇಶದಲ್ಲಿ ಕ್ರಾಂತಿಯಾದ ಕಾಲ. ದೊರೆ ಹೋಗಿದ್ದ. ದೊರೆಯ ಚಿತ್ರ ತೂಗುತ್ತಿದ್ದ ಗೋಡೆಗಳಲ್ಲಿ ಮೊಳೆ ಮಾತ್ರ ಉಳಿದಿತ್ತು. ಹಿಟ್ಟಿಗೆ ಬರ, ಸೌದೆಗೆ ಬರ, ಎಣ್ಣೆಗೆ ಬರ. ಕವಿಗಳಿಗೆ ಮಾತ್ರ ಬರವಿರಲಿಲ್ಲ. ಒಂದು ನಗರದಲ್ಲಿ ಮತ್ವೇಯ್ ಎಂಬ ಕಾದಂಬರಿಕಾರನಿದ್ದ. ಬುಧವಾರ ಬಂತೆಂದರೆ ಊರಿನ ಬರಹಗಾರರೆಲ್ಲ ಅವನ ಮನೆಯಲ್ಲಿ ಸೇರುತ್ತಿದ್ದರು. ಬರುವವರು ಒಂದೊಂದು ತುಂಡು ಕಟ್ಟಿಗೆ ತರಬೇಕು. ಅದು ಅಲ್ಲಿಯ ಕಟ್ಟಳೆ. ಒಬ್ಬ ಕುರ್ಚಿಯ ಕಾಲು ಮುರಿದು ತರುತ್ತಿದ್ದ, ಇನ್ನೊಬ್ಬ ಮಂಚದ ಹಲಗೆ. ಒಲೆ ಉರಿಯುವಷ್ಟು ಹೊತ್ತು ಓದು. ಚಹಾದ ಸೊಪ್ಪು ಸಿಗುತ್ತಿರಲಿಲ್ಲ, ಒಣಗಿಸಿದ ಗಜ್ಜರಿಯನ್ನು ಕುದಿಸಿ ಅದನ್ನೇ ಚಹಾ ಎಂದು ಕುಡಿಯುತ್ತಿದ್ದರು.

ಆ ಕೂಟದಲ್ಲಿ ಒಬ್ಬ ವಿಮರ್ಶಕನಿದ್ದ. ಯಾರೇ ಓದಿ ಮುಗಿಸಲಿ, ಎಲ್ಲರ ಮುಖವೂ ಅವನತ್ತ ತಿರುಗುತ್ತಿತ್ತು. ಅವನು ಗಜ್ಜರಿ ಚಹಾ ಒಂದು ಗುಟುಕು ಕುಡಿದು ಒಂದು ವಾಕ್ಯ ಹೇಳುತ್ತಿದ್ದ. ಒಂದೇ ವಾಕ್ಯ. ಮರುದಿನ ಅದು ಊರೆಲ್ಲ ಓಡಾಡುತ್ತಿತ್ತು. ಕೂಟದವರು ಅದಕ್ಕೆ 'ಉಪ್ಪು' ಎನ್ನುತ್ತಿದ್ದರು. ಆ ಉಪ್ಪಿನ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ ಕಾದಂಬರಿಕಾರನಿಗೆ. ತನ್ನ ಬಗ್ಗೆಯೇ ಗೆಳೆಯ ಆಡಿದ ಚುಚ್ಚು ಮಾತುಗಳನ್ನು ಅವನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಿಂದಿನ ಚಳಿಗಾಲದಲ್ಲಿ ಕಾದಂಬರಿಕಾರ ತನ್ನ ಎರಡು ಕೋಟುಗಳಲ್ಲಿ ಒಂದನ್ನು ಇವನಿಗೆ ಕೊಟ್ಟಿದ್ದ. ದಪ್ಪನೆಯದನ್ನೇ ಕೊಟ್ಟಿದ್ದ.

ಕ್ರಾಂತಿಯ ಮೂರನೆಯ ಚಳಿಗಾಲ ಬಂತು. ಒಂದು ಬುಧವಾರ ಕಾದಂಬರಿಕಾರ ತನ್ನ ಹೊಸ ಕಾದಂಬರಿಯನ್ನು ಓದಿದ. ಬೀದಿಯಲ್ಲಿ ಕ್ರಾಂತಿ ನಡೆಯುವಾಗ ಮನೆಯೊಳಗೇ ಕೂತ ಒಬ್ಬ ಮುದುಕನ ಕತೆ ಅದು. ಓದು ಮುಗಿಯಿತು. ಎಲ್ಲರೂ ವಿಮರ್ಶಕನತ್ತ ತಿರುಗಿದರು. ಅವನು ಲೋಟ ಕೆಳಗಿಟ್ಟು ಹೇಳಿದ:

"ನಮ್ಮ ಲೇಖಕ ಕಿಟಕಿ ತೆರೆದು ಕ್ರಾಂತಿಯನ್ನು ನೋಡಿದ, ಚಳಿಯಾಯಿತೆಂದು ಮತ್ತೆ ಮುಚ್ಚಿಕೊಂಡ."

ಮನೆ ಹಾರಿಹೋಗುವಂತೆ ನಕ್ಕರು. ಕಾದಂಬರಿಕಾರನ ಕಣ್ಣಲ್ಲಿ ನಗುವಿನ ನೀರು ಬಂತು. ಕಣ್ಣೊರೆಸಿಕೊಂಡು ಅವನು, "ಈ ಮಾತು ಈ ಕೋಣೆಗೆ ಸಾಕು. ಪತ್ರಿಕೆಗೆ ಹಾಕಬೇಡ ಮಾರಾಯ, ಕಾಲ ಸರಿಯಿಲ್ಲ" ಎಂದ.

ವಿಮರ್ಶಕ ಮಾತು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಮನೆಗೆ ಹೋಗಿ ಪುಸ್ತಕದ ಬಗ್ಗೆ ಉದ್ದನೆಯ ಲೇಖನ ಬರೆದ. ಹತ್ತರಲ್ಲಿ ಒಂಬತ್ತು ಪಾಲು ಹೊಗಳಿಕೆ. ಇಂಥ ಕಾದಂಬರಿ ಬಂದು ಹತ್ತು ವರ್ಷವಾಗಿತ್ತು ಎಂದು ಬರೆದ, ಅದನ್ನು ಮನಸಾರೆ ನಂಬಿಯೇ ಬರೆದ. ಕೊನೆಯ ಸಾಲಿಗೆ ಬಂದಾಗ ಕೈ ತಡೆಯಿತು. ಕಿಟಕಿಯ ವಾಕ್ಯವನ್ನು ಬಿಟ್ಟು ನೋಡಿದ. ಲೇಖನ ಸಪ್ಪೆಯಾಯಿತು. ಸೇರಿಸಿ ನೋಡಿದ. ಎದ್ದು ನಿಂತಿತು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ; ಇವನು ಹೆತ್ತದ್ದು ಹೆಗ್ಗಣವೂ ಆಗಿರಲಿಲ್ಲ. ವಾಕ್ಯವನ್ನು ಹಾಗೆಯೇ ಬಿಟ್ಟ. ಲೇಖನ ಅಚ್ಚಾಯಿತು. ಮುಂದಿನ ಬುಧವಾರ ಕಾದಂಬರಿಕಾರ ಅದರ ಬಗ್ಗೆ ಒಂದು ಮಾತೂ ಎತ್ತದೆ ಗೆಳೆಯನ ಲೋಟಕ್ಕೆ ಚಹಾ ಸುರಿದ.

ಹನ್ನೆರಡು ದಿನ ಕಳೆಯಿತು. ಬೆಳಿಗ್ಗೆ ನಾಲ್ವರು ಸಿಪಾಯಿಗಳು ಬಂದು ಕಾದಂಬರಿಕಾರನನ್ನು ಕರೆದೊಯ್ದರು.

ಅವನ ಹೆಂಡತಿ ಗ್ಲಾಫೀರ ಓಡುತ್ತ ವಿಮರ್ಶಕನ ಮನೆಗೆ ಬಂದಳು. "ಇಗ್ನಾತಿ ಪೆತ್ರೋವಿಚ್, ನಿಮ್ಮ ಮಾತಿಗೆ ಬೆಲೆ ಇದೆ. ಹೋಗಿ ಹೇಳಿ" ಎಂದಳು. ಆ ದೇಶದಲ್ಲಿ ಗೌರವಕ್ಕೆ ತಂದೆಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ವಿಮರ್ಶಕ ಕೋಟು ಹಾಕಿಕೊಂಡು ಆಗಲೇ ಹೊರಟ. ಯಾವನೋ ಹೊಟ್ಟೆಕಿಚ್ಚಿನವನು ದೂರು ಕೊಟ್ಟಿರಬೇಕು ಎಂದು ದಾರಿಯುದ್ದಕ್ಕೂ ಆ ಕಾಣದ ದೂರುಗಾರನನ್ನು ಬೈದುಕೊಂಡ. ಅವನಿಗೆ ಸಿಕ್ಕಾಪಟ್ಟೆ ಸಿಟ್ಟು ಬಂದಿತ್ತು.

ಕಚೇರಿಯಲ್ಲಿದ್ದ ಅಧಿಕಾರಿ ಇವನ ಹೆಸರು ಕೇಳಿದ್ದೇ ಎದ್ದು ನಿಂತ. "ನಿಮ್ಮ ಲೇಖನಗಳಿಂದಲೇ ನಾನು ಓದುವುದನ್ನು ಕಲಿತದ್ದು" ಎಂದು ಕುರ್ಚಿ ಕೊಟ್ಟ. ಅವನ ಮಾತಿನಲ್ಲಿ ನಾಟಕವಿರಲಿಲ್ಲ. ಆಮೇಲೆ ಕಡತ ತೆರೆದು ಇವನ ಮುಂದೆ ಸರಿಸಿದ.

ಕಡತದಲ್ಲಿ ಇದ್ದದ್ದು ಒಂದೇ ಕಾಗದ. ಪತ್ರಿಕೆಯಿಂದ ಕತ್ತರಿಸಿದ ತುಂಡು. ಉದ್ದನೆಯ ಲೇಖನದ ಒಂಬತ್ತು ಪಾಲಿನ ಮೇಲೆ ಒಂದು ಗುರುತೂ ಇರಲಿಲ್ಲ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು.

ವಿಮರ್ಶಕನಿಗೆ ಆಗ ಅರ್ಥವಾಯಿತು. ದಾರಿಯುದ್ದಕ್ಕೂ ತಾನು ಬೈದದ್ದು ತನ್ನನ್ನೇ. ಒಂದು ಗಳಿಗೆ ಅವನಿಗೆ ಅಕ್ಷರ ಕಾಣಲಿಲ್ಲ. ಆಮೇಲೆ ಕಂಡಿತು. ಕೇಳು, ಚನ್ನವೀರ: ಆ ಹೊತ್ತಿನಲ್ಲೂ ಅವನ ಕಣ್ಣು ಆ ಸಾಲನ್ನು ಓದಿತು, ಮನಸ್ಸು ಚೆನ್ನಾಗಿದೆ ಎಂದಿತು. ತನ್ನ ಮನಸ್ಸು ಹಾಗೆಂದದ್ದು ತಿಳಿದು ಅವನು ಇನ್ನಷ್ಟು ಹೆದರಿದ.

"ಇದು ತಮಾಷೆ" ಎಂದ. "ಗೆಳೆಯರ ನಡುವಿನ ತಮಾಷೆ. ಉಳಿದದ್ದನ್ನು ಓದಿ. ಎಲ್ಲವೂ ಹೊಗಳಿಕೆ."

"ಹೊಗಳಿಕೆ ಎಲ್ಲರೂ ಬರೆಯುತ್ತಾರೆ. ಇದನ್ನು ನೀವೊಬ್ಬರೇ ಬರೆಯಬಲ್ಲಿರಿ" ಎಂದ ಅಧಿಕಾರಿ. ಆಮೇಲೆ ದನಿ ತಗ್ಗಿಸಿ ಹೇಳಿದ: "ಈಗ ಹನ್ನೊಂದು ಗಂಟೆ. ನಾಲ್ಕಕ್ಕೆ ಬಂಡಿ ಬಂದು ಕಡತಗಳನ್ನು ಒಯ್ಯುತ್ತದೆ. ಅಲ್ಲಿಗೆ ಹೋದದ್ದು ವಾಪಸ್ಸು ಬರುವುದಿಲ್ಲ. ಈ ಸಾಲನ್ನು ಹಿಂತೆಗೆದುಕೊಂಡೆ ಎಂದು ಬರೆದು ರುಜು ಹಾಕಿ. ಅದನ್ನು ಮೇಲಿಟ್ಟರೆ ಈ ಕಡತ ಈ ಮೇಜು ಬಿಟ್ಟು ಕದಲುವುದಿಲ್ಲ. ಇಗೋ ಲೇಖನಿ, ಇಲ್ಲಿಯೇ ಬರೆಯಿರಿ."

ವಿಮರ್ಶಕ ಲೇಖನಿ ಹಿಡಿದ. ಅದರ ಮುಳ್ಳು ಕೆಟ್ಟಿತ್ತು, ಶಾಯಿ ಸೋರುತ್ತಿತ್ತು. ಗೆಳೆಯನ ಪ್ರಾಣದ ಕಾಗದವನ್ನು ಇಂಥ ಲೇಖನಿಯಲ್ಲಿ ಗೀಚುವುದೇ ಎನಿಸಿತು. "ನನ್ನ ಮನೆ ಎರಡು ಬೀದಿಯಾಚೆ. ಬರೆದು ತರುತ್ತೇನೆ" ಎಂದ. ಕಚೇರಿಯ ಮೆಟ್ಟಿಲ ಮೇಲೆ ಗ್ಲಾಫೀರ ಕಾಯುತ್ತಿದ್ದಳು. "ಉಳಿಯುತ್ತಾನೆ. ಒಂದು ಕಾಗದ ತಂದರೆ ಸಾಕು" ಎಂದು ಹೇಳಿದ. ಅವಳು ಅವನ ಕೈಗೆ ಮುತ್ತಿಟ್ಟು, "ನಾನು ಇಲ್ಲೇ ಕೂತಿರುತ್ತೇನೆ" ಎಂದಳು.

ಮನೆಗೆ ಬಂದವನು ಕೋಟನ್ನೂ ತೆಗೆಯದೆ ಮೇಜಿನ ಮುಂದೆ ಕೂತು ಬರೆದ:

"ನನ್ನ ಲೇಖನದ ಕೊನೆಯ ವಾಕ್ಯ ಗೆಳೆಯರ ನಡುವಿನ ತಮಾಷೆ.
ಅದನ್ನು ಹಿಂತೆಗೆದುಕೊಂಡಿದ್ದೇನೆ.
ಮತ್ವೇಯ್ ಕ್ರಾಂತಿಯ ಶತ್ರುವಲ್ಲ."

ಕೆಳಗೆ ರುಜು ಹಾಕಿದ. ಎದ್ದ. ಬಾಗಿಲ ತನಕ ಹೋದ. ಅಲ್ಲಿ ನಿಂತು ಇನ್ನೊಮ್ಮೆ ಓದಿದ. ಶಾಲೆಯ ಹುಡುಗ ರಜೆ ಕೇಳಿ ಬರೆದ ಚೀಟಿಯಂತಿತ್ತು. ಆ ಒಂದು ಸಾಲಿನ ಎದುರು ಈ ಮೂರು ಸಾಲು ನಿಲ್ಲುತ್ತವೆಯೇ? ಅದು ಊರೆಲ್ಲ ಸುತ್ತಿದ ವಾಕ್ಯ. ಇದನ್ನು ಯಾರು ನಂಬುತ್ತಾರೆ? ಕಾಗದ ಮೇಲಿನವರ ಕೈಗೂ ಹೋದೀತು. ಕಲ್ಲು ಕರಗುವಂತೆ ಬರೆಯಬೇಕು. ಹೀಗೆ ಯೋಚಿಸಿ, ಆ ಹಾಳೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ವಾಪಸ್ಸು ಬಂದು ಕೂತ.

ಎರಡನೆಯದು ಒಂದು ಪುಟವಾಯಿತು. ಅದರಲ್ಲಿ ಅಳು ಹೆಚ್ಚಾಯಿತು ಎಂದು ಹರಿದ. ಮೂರನೆಯದರಲ್ಲಿ ಕಿಟಕಿಯ ಮಾತು ಪುಸ್ತಕಕ್ಕೆ ಹೇಳಿದ್ದೇ ಹೊರತು ಮನುಷ್ಯನಿಗಲ್ಲ ಎಂದು ವಾದಿಸಿದ. ವಾದ ಸೊಗಸಾಗಿತ್ತು, ಆದರೆ ತಣ್ಣಗಿತ್ತು. ನಾಲ್ಕನೆಯದರಲ್ಲಿ ಶಾಲೆಯ ಬೆಂಚು ಬಂತು, ಕೋಟು ಬಂತು. ಬರೆಯುತ್ತ ಬರೆಯುತ್ತ ಅವನೇ ಅತ್ತ. ಅತ್ತದ್ದು ನಿಜ, ಅದರಲ್ಲಿ ಕಪಟವಿರಲಿಲ್ಲ. ಐದನೆಯದರಲ್ಲಿ ಎಲ್ಲವೂ ಕೂಡಿಬಂತು. ಕೊನೆಯ ವಾಕ್ಯವೊಂದು ಮಾತ್ರ ಕುಂಟುತ್ತಿತ್ತು. ಒಂದು ಪದ ತೆಗೆದ. ಇನ್ನೊಂದು ಹಾಕಿದ. ಮೊದಲಿನದೇ ವಾಸಿ ಎನಿಸಿತು. ಮತ್ತೆ ಹಾಕಿದ. ಈಗ ವಾಕ್ಯ ನಿಂತಿತು. ಸರಿಯಾಗಿ ನಿಂತಿತೋ ಎಂದು ನೋಡಲು ಹಾಳೆ ಎತ್ತಿ ಹಿಡಿದರೆ ಅಕ್ಷರ ಕಾಣಲಿಲ್ಲ.

ದೀಪ ಹಚ್ಚಲೆಂದು ಎದ್ದ. ಆಗ ಹೊರಗಿನ ಕತ್ತಲು ಕಂಡಿತು. ಆ ದೇಶದಲ್ಲಿ ಚಳಿಗಾಲದ ಕತ್ತಲು ನಾಲ್ಕಕ್ಕೆಲ್ಲ ಇಳಿಯುತ್ತದೆ.

ಹಿಮದಲ್ಲಿ ಎದ್ದು ಬಿದ್ದು ಓಡಿದ. ಕಚೇರಿಯ ಮೆಟ್ಟಿಲ ಮೇಲೆ ಗ್ಲಾಫೀರ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಅವಳ ಹೆಗಲ ಮೇಲೆ ಬೆರಳುದ್ದ ಹಿಮ ಬಿದ್ದಿತ್ತು. "ಬಂಡಿ ಹೋಯಿತು" ಎಂದಳು. ಅಳುತ್ತಿರಲಿಲ್ಲ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

ಅಧಿಕಾರಿ ಕಾಗದವನ್ನು ದೀಪದ ಬಳಿ ಹಿಡಿದು ಓದಿದ. ನಿಧಾನವಾಗಿ ಓದಿದ. ಓದುತ್ತಿದ್ದಂತೆ ಅವನ ಕಣ್ಣು ತುಂಬಿತು. "ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಓದಿಯೇ ಇಲ್ಲ" ಎಂದ. ಆಮೇಲೆ ಮೇಜಿನತ್ತ ನೋಡಿದ. ಬೆಳಿಗ್ಗೆ ಕಡತವಿದ್ದ ಜಾಗ ಬರಿದಾಗಿತ್ತು. "ಇದನ್ನು ಎಲ್ಲಿ ಸೇರಿಸಲಿ?" ಎಂದ.

ಮರುದಿನ ಕಾದಂಬರಿಕಾರನಿಗೆ ಗುಂಡಿಕ್ಕಿದರು.

ಎಂಟು ದಿನದ ಮೇಲೆ ವಿಮರ್ಶಕ ಗ್ಲಾಫೀರಳ ಮನೆಗೆ ಹೋದ. ಬುಧವಾರವಾಗಿತ್ತು. ಬೇರೆ ಯಾರೂ ಬಂದಿರಲಿಲ್ಲ. ಒಲೆ ಆರಿತ್ತು. ಗಂಡನ ಕೋಟನ್ನು ಅವಳಿಗೆ ಕೊಟ್ಟುಬಿಡೋಣವೆಂದು ಬಿಚ್ಚಿ ಅವಳ ಕೈಗಿಟ್ಟ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು. ಜೇಬಿನಲ್ಲಿ ಏನೋ ಸಿಕ್ಕಿತು. ಮಡಿಸಿದ ಹಾಳೆ. ಬಿಡಿಸಿ ಓದಿದಳು. ಓದುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

"ಇದರಲ್ಲಿ ಎಲ್ಲವೂ ಇದೆಯಲ್ಲ" ಎಂದಳು. "ನಿಮ್ಮ ರುಜುವೂ ಇದೆ. ಇದನ್ನು ಎಷ್ಟು ಗಂಟೆಗೆ ಬರೆದಿರಿ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹನ್ನೊಂದೂವರೆಗೆ."

ಗ್ಲಾಫೀರ ಮೊದಲು ಹಾಳೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಬೈಯಲಿಲ್ಲ. ಕೋಟನ್ನು ಅವನಿಗೇ ಹೊದಿಸಿ, ಬಾಗಿಲು ತೆರೆದು ನಿಂತಳು. ಆ ಮನುಷ್ಯ ಆಮೇಲೆ ಇಪ್ಪತ್ತು ವರ್ಷ ಬದುಕಿದ. ಒಂದು ಸಾಲು ಕೂಡ ಬರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಬಿಳಿಚಿಕೊಂಡಿತ್ತು. ಮೆಲ್ಲಗೆ ಕೇಳಿದ:

"ಗುರುಗಳೇ, ಆ ಐದನೆಯ ಕಾಗದದ ಕೊನೆಯ ವಾಕ್ಯ... ಅದು ಏನಿತ್ತು?"

ಗುರುಗಳು ಜಗುಲಿಯ ಕಡೆ ನೋಡಿದರು.

"ಕೊಟ್ರಯ್ಯನ ಬಸ್ಸು ಎಷ್ಟು ಗಂಟೆಗೆ?"